ತಾತ್ಕಾಲಿಕ ತಂಗುದಾಣ: ಠರಾವಿಗೆ ಕೈ ಎತ್ತುವ ಮುನ್ನ ಕೇಳಬೇಕಾದದ್ದು

ವಸತಿರಹಿತರಿಗೆ ತಾತ್ಕಾಲಿಕ ತಂಗುದಾಣ ಒದಗಿಸುವ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳು ಕೈಗೊಳ್ಳುವ ತೀರ್ಮಾನಗಳನ್ನು ಕುರಿತ ಓದುಗರ ಪ್ರಶ್ನೆಗಳಲ್ಲಿ ಆರನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ನಗರಾಡಳಿತ ಮತ್ತು ವಸತಿ ನೀತಿಯ ತಜ್ಞರು ಉತ್ತರಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾನು ಹೊಸದಾಗಿ ಆಯ್ಕೆಯಾದ ಸದಸ್ಯ. ಮುಂದಿನ ಸಾಮಾನ್ಯ ಸಭೆಯಲ್ಲಿ ವಸತಿರಹಿತರ ತಾತ್ಕಾಲಿಕ ತಂಗುದಾಣದ ಠರಾವು ಮಂಡನೆಯಾಗಲಿದೆ. ಕಚೇರಿ ಟಿಪ್ಪಣಿಯಲ್ಲಿ ಜಾಗ, ಹಾಸಿಗೆಗಳ ಸಂಖ್ಯೆ ಮತ್ತು ಅಂದಾಜು ವೆಚ್ಚ ಬಿಟ್ಟರೆ ಬೇರೇನೂ ಇಲ್ಲ. ನಾನು ಏನನ್ನು ಕೇಳಬೇಕು?

ಉತ್ತರ: ಆ ಮೂರು ವಿವರಗಳೂ ಬೇಕಾದವೇ. ಆದರೆ ತಂಗುದಾಣ ಸರಿಯಾಗಿ ನಡೆಯುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಬಹುತೇಕ ಟಿಪ್ಪಣಿಯಲ್ಲಿ ಬರೆಯದೆ ಬಿಟ್ಟವೇ ಆಗಿರುತ್ತವೆ. ಠರಾವಿನಲ್ಲಿ ಇಲ್ಲದ್ದನ್ನು ನಿರ್ವಹಣೆಯ ಕರಾರು ತುಂಬುತ್ತದೆ. ಕರಾರಿನಲ್ಲೂ ಇಲ್ಲದ್ದನ್ನು ಬಾಗಿಲಲ್ಲಿ ಕುಳಿತ ಕಾವಲುಗಾರ ತನಗೆ ತೋಚಿದಂತೆ ತುಂಬುತ್ತಾನೆ. ಗುರುತಿನ ಚೀಟಿ ಇಲ್ಲದವರನ್ನು ಒಳಗೆ ಬಿಡಬೇಕೇ, ಗಂಡ ಹೆಂಡತಿ ಒಟ್ಟಿಗೆ ಇರಬಹುದೇ, ಜ್ವರ ಬಂದವರು ಹಗಲಲ್ಲೂ ಮಲಗಿರಬಹುದೇ ಎಂಬ ಪ್ರಶ್ನೆಗಳನ್ನು ಚುನಾಯಿತ ಸಭೆ ಚರ್ಚಿಸದಿದ್ದರೆ, ಅವುಗಳಿಗೆ ರಾತ್ರಿ ಹತ್ತು ಗಂಟೆಗೆ ಗೇಟಿನ ಬಳಿ ಉತ್ತರ ಸಿಗುತ್ತದೆ, ಮತ್ತು ಆ ಉತ್ತರಕ್ಕೆ ಯಾರೂ ಹೊಣೆಗಾರರಾಗಿರುವುದಿಲ್ಲ.

ಮೊದಲು ಅವಧಿಯನ್ನು ಕೇಳಿ. ‘ಮುಂದಿನ ಆದೇಶದವರೆಗೆ’ ಎಂದು ಬರೆದಿದ್ದರೆ ಅದನ್ನು ಒಪ್ಪಬೇಡಿ. ತಂಗುದಾಣ ಯಾವ ದಿನಾಂಕದವರೆಗೆ ನಡೆಯುತ್ತದೆ, ಅವಧಿಯನ್ನು ವಿಸ್ತರಿಸುವ ಅಧಿಕಾರ ಸಭೆಯದೋ ಅಧಿಕಾರಿಯದೋ, ಮುಚ್ಚುವ ದಿನ ಅಲ್ಲಿ ಇರುವವರು ಎಲ್ಲಿಗೆ ಹೋಗುತ್ತಾರೆ ಎಂಬ ಮೂರೂ ಠರಾವಿನಲ್ಲೇ ಬರಬೇಕು. ದಿನಾಂಕವಿಲ್ಲದ ತಾತ್ಕಾಲಿಕ ವ್ಯವಸ್ಥೆಗೆ ಎರಡು ಬಗೆಯ ಕೇಡು ಕಾದಿರುತ್ತದೆ. ಒಂದೋ ಅದು ಶಾಶ್ವತ ಕಟ್ಟಡಕ್ಕೆ ಬೇಕಾದ ಸೌಲಭ್ಯವಿಲ್ಲದೆಯೇ ವರ್ಷಗಟ್ಟಲೆ ಉಳಿದುಬಿಡುತ್ತದೆ, ಇಲ್ಲವೇ ಯಾರಿಗೂ ತಿಳಿಯದಂತೆ ಒಂದು ಬೆಳಿಗ್ಗೆ ತೆರವಾಗುತ್ತದೆ. 2009ರ ಡಿಸೆಂಬರಿನಲ್ಲಿ, ಚಳಿಯ ನಡುವೆಯೇ, ದೆಹಲಿಯ ಪೂಸಾ ರಸ್ತೆಯ ಬಳಿಯಿದ್ದ ತಾತ್ಕಾಲಿಕ ತಂಗುದಾಣವನ್ನು ಅಲ್ಲಿನ ಪಾಲಿಕೆ ತೆರವುಗೊಳಿಸಿದಾಗ ದೆಹಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ವಿಷಯ ಸುಪ್ರೀಂ ಕೋರ್ಟಿನ ಮುಂದೆಯೂ ಬಂದು, 2010ರಲ್ಲಿ ತಂಗುದಾಣಗಳ ಬಗ್ಗೆ ಸಾಲು ಸಾಲು ನಿರ್ದೇಶನಗಳು ಹೊರಟವು. ಕಾಲಮಿತಿಯನ್ನು ಕಾನೂನಿನಲ್ಲೇ ಬರೆದಿಟ್ಟ ಉದಾಹರಣೆಯೂ ಇದೆ. ಇಂಗ್ಲೆಂಡಿನಲ್ಲಿ 2003ರಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಮಕ್ಕಳಿರುವ ವಸತಿರಹಿತ ಕುಟುಂಬವನ್ನು ಸ್ಥಳೀಯ ಸಂಸ್ಥೆಯು ಖಾಸಗಿ ವಸತಿಗೃಹದ ಕೋಣೆಯಲ್ಲಿ ಆರು ವಾರಗಳಿಗಿಂತ ಹೆಚ್ಚು ಕಾಲ ಇರಿಸುವಂತಿಲ್ಲ. ಆ ಮಿತಿ ಮೀರಿದ ಪ್ರಕರಣಗಳು ಅಲ್ಲಿಯೂ ಸಾಕಷ್ಟಿವೆ, ಆದರೆ ಮೀರಿದ್ದನ್ನು ಎತ್ತಿ ತೋರಿಸಲು ಒಂದು ಅಳತೆಗೋಲಾದರೂ ಇದೆ.

ಎರಡನೆಯದು, ಒಬ್ಬೊಬ್ಬರಿಗೆ ಸಿಗುವ ಜಾಗ ಮತ್ತು ಸೌಲಭ್ಯ. ‘ನೂರು ಹಾಸಿಗೆ’ ಎಂಬ ಸಂಖ್ಯೆಯೊಂದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಸಾಲುಗಳ ನಡುವಿನ ಅಂತರವನ್ನು ಕಡಿಮೆ ಮಾಡಿ ಯಾವ ಸಭಾಂಗಣದಲ್ಲಾದರೂ ನೂರು ಹಾಸಿಗೆ ಹಾಕಬಹುದು. ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗವನ್ನೂ, ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ ನೂರು ಜನ ತಂಗಬಲ್ಲ ಒಂದು ಶಾಶ್ವತ ತಂಗುದಾಣವನ್ನೂ ನಿಗದಿಪಡಿಸಿತು. ಇದಕ್ಕೂ ಮೂರು ದಶಕ ಮೊದಲು, 1981ರಲ್ಲಿ, ನ್ಯೂಯಾರ್ಕ್ ನಗರಾಡಳಿತ ನ್ಯಾಯಾಲಯದಲ್ಲಿ ಒಪ್ಪಿ ಸಹಿ ಹಾಕಿದ ರಾಜಿ ತೀರ್ಪು ಇನ್ನೂ ಸೂಕ್ಷ್ಮಕ್ಕೆ ಇಳಿದಿತ್ತು. ಹಾಸಿಗೆಯ ಅಗಲ ಕನಿಷ್ಠ 30 ಇಂಚು ಇರಬೇಕು, ಆರು ಜನರಿಗೊಂದು ಶೌಚಾಲಯ ಮತ್ತು ಹತ್ತು ಜನರಿಗೊಂದು ಸ್ನಾನದ ವ್ಯವಸ್ಥೆ ಇರಬೇಕು ಎಂದೆಲ್ಲ ಅದರಲ್ಲಿ ಬರೆಯಲಾಗಿತ್ತು. ಒಂದು ನಗರಾಡಳಿತದ ಒಪ್ಪಂದದಲ್ಲಿ ಹಾಸಿಗೆಯ ಇಂಚುಗಳ ಲೆಕ್ಕ ಏಕೆ ಎಂದು ಅನ್ನಿಸಬಹುದು. ನನ್ನ ಅಭಿಪ್ರಾಯದಲ್ಲಿ ಆ ತೀರ್ಪು ದಶಕಗಳ ಕಾಲ ಉಪಯೋಗಕ್ಕೆ ಬಂದದ್ದಕ್ಕೆ ಆ ಇಂಚುಗಳೇ ದೊಡ್ಡ ಕಾರಣ. ‘ಘನತೆಯ ವಸತಿ’ ಎಂಬ ಮಾತನ್ನು ಯಾರೂ ಅಳೆಯಲಾರರು, 30 ಇಂಚನ್ನು ಟೇಪು ಹಿಡಿದ ಯಾರು ಬೇಕಾದರೂ ಅಳೆಯಬಹುದು.

ಮೂರನೆಯದು ನಿರ್ವಹಣಾ ವೆಚ್ಚ. ಕಟ್ಟಡಕ್ಕೆ ಅಥವಾ ಟೆಂಟಿಗೆ ಅನುದಾನ ಒಮ್ಮೆ ಬರುತ್ತದೆ. ಸಿಬ್ಬಂದಿಯ ಸಂಬಳ, ನೀರು, ವಿದ್ಯುತ್, ಹೊದಿಕೆ ಒಗೆಸುವ ಖರ್ಚು ತಿಂಗಳು ತಿಂಗಳೂ ಬರುತ್ತವೆ. ಇವು ಯಾವ ಲೆಕ್ಕ ಶೀರ್ಷಿಕೆಯಡಿ ಬರುತ್ತವೆ, ನಿರ್ವಹಣೆ ವಹಿಸಿಕೊಂಡ ಸಂಸ್ಥೆಯ ಬಿಲ್ಲು ತಡವಾದರೆ ರಾತ್ರಿ ಪಾಳಿಯ ಸಿಬ್ಬಂದಿಗೆ ಸಂಬಳ ಕೊಡುವವರು ಯಾರು ಎಂದು ಸಭೆಯಲ್ಲೇ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಒತ್ತಾಯಿಸಿ. ಹಾಸಿಗೆಗಳ ಸಂಖ್ಯೆಯನ್ನು ಯಾವ ಆಧಾರದ ಮೇಲೆ ನಿಗದಿಪಡಿಸಿದರು ಎಂಬುದನ್ನೂ ಕೇಳಬೇಕು. ಒಂದೇ ರಾತ್ರಿಯ ತಲೆ ಎಣಿಕೆಯಲ್ಲಿ ಕಣ್ಣಿಗೆ ಬೀಳುವವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ವಸತಿರಹಿತರನ್ನು ದಾಖಲಿಸಿತು. ಆ ಎಣಿಕೆಯೂ ಫೆಬ್ರುವರಿ 28ರ ಒಂದು ರಾತ್ರಿಯದು. ಬಯಲಲ್ಲಿ ಮಲಗುವ ಹೆಂಗಸರು ಸುರಕ್ಷತೆಗಾಗಿ ಬೇಕೆಂದೇ ಕಣ್ಣಿಗೆ ಬೀಳದಂತೆ ಇರುತ್ತಾರಾದ್ದರಿಂದ, ಇಂಥ ಎಣಿಕೆಯನ್ನೇ ನಂಬಿದರೆ ಅವರ ವಿಭಾಗದ ಹಾಸಿಗೆಗಳೇ ಮೊದಲು ಸಾಲದೆ ಹೋಗುತ್ತವೆ.

ಪ್ರಶ್ನೆ: ನಮ್ಮ ಮನೆಯ ಎದುರಿನ ಸರ್ಕಾರಿ ಕಟ್ಟಡವನ್ನು ತಂಗುದಾಣ ಮಾಡುತ್ತಾರಂತೆ. ನಿವಾಸಿಗಳನ್ನು ಕೇಳಲೇ ಇಲ್ಲ. ಊರ ಹೊರಗೆ ವಿಶಾಲವಾದ ಜಾಗ ಇರುವಾಗ ಇಲ್ಲಿಯೇ ಏಕೆ? ನಾವು ಆಕ್ಷೇಪಣೆ ಸಲ್ಲಿಸಬಹುದೇ?

ಉತ್ತರ: ಸಲ್ಲಿಸಬಹುದು, ಸಲ್ಲಿಸಬೇಕು ಕೂಡ. ಆದರೆ ಯಾವ ವಿಷಯಕ್ಕೆ ಎಂಬುದರ ಮೇಲೆ ಅದರ ತೂಕ ನಿಲ್ಲುತ್ತದೆ. ತಂಗುದಾಣ ಹೇಗೆ ನಡೆಯಬೇಕು ಎಂಬುದರ ಬಗ್ಗೆ ನೆರೆಹೊರೆಯವರ ಮಾತನ್ನು ಆಡಳಿತ ಕೇಳಲೇಬೇಕು. ತಂಗುದಾಣ ಇರಬೇಕೇ ಬೇಡವೇ ಎಂಬುದನ್ನೇ ಅವರ ಒಪ್ಪಿಗೆಗೆ ಬಿಟ್ಟರೆ, ನನ್ನ ಅನುಭವದಲ್ಲಿ, ಯಾವ ಬಡಾವಣೆಯಲ್ಲೂ ಅದು ಆಗುವುದಿಲ್ಲ. ಈ ಬಿಕ್ಕಟ್ಟನ್ನು ಅರಿತೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2007ರಲ್ಲಿ ಕಾನೂನೊಂದನ್ನು ತಂದು, ವಿಶೇಷ ಅನುಮತಿಯ ಅಗತ್ಯವಿಲ್ಲದೆ ತುರ್ತು ತಂಗುದಾಣ ತೆರೆಯಬಹುದಾದ ಕನಿಷ್ಠ ಒಂದು ವಲಯವನ್ನಾದರೂ ಪ್ರತಿಯೊಂದು ಸ್ಥಳೀಯ ಸಂಸ್ಥೆ ಗುರುತಿಸಲೇಬೇಕೆಂದು ವಿಧಿಸಿತು. ಅದರ ಜೊತೆಗೇ ಹಾಸಿಗೆಗಳ ಗರಿಷ್ಠ ಸಂಖ್ಯೆ, ಬೆಳಕು, ಭದ್ರತೆ, ಒಳಗೆ ಸೇರಿಸಿಕೊಳ್ಳುವ ಮುನ್ನ ಜನ ಕಾಯುವ ಜಾಗ ಇವುಗಳ ಬಗ್ಗೆ ಷರತ್ತು ಹಾಕುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗೇ ಬಿಟ್ಟಿತು. ಈ ವಿಭಜನೆ ನನಗೆ ಸರಿಯಾಗಿ ಕಾಣುತ್ತದೆ.

ಆ ಕಾಯುವ ಜಾಗದ ಮಾತನ್ನೇ ತೆಗೆದುಕೊಳ್ಳಿ. ತಂಗುದಾಣಗಳ ಬಗ್ಗೆ ನಿವಾಸಿಗಳಿಂದ ಬರುವ ದೂರುಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಬಹಳಷ್ಟು ಹುಟ್ಟುವುದು ಬಾಗಿಲು ತೆರೆಯುವ ಮುನ್ನ ಒಂದೆರಡು ಗಂಟೆಗಳ ಅವಧಿಯಲ್ಲಿ. ಸಂಜೆ ಏಳಕ್ಕೆ ಪ್ರವೇಶ ಎಂದಿದ್ದರೆ ಐದೂವರೆಗೇ ಜನ ಸೇರುತ್ತಾರೆ, ಏಕೆಂದರೆ ತಡವಾದರೆ ಹಾಸಿಗೆ ಸಿಗದು. ಕೂರಲು ಜಾಗವಿಲ್ಲ, ಶೌಚಾಲಯ ಒಳಗಿದೆ, ಗೇಟು ಮುಚ್ಚಿದೆ. ಸಾಲು ಅಕ್ಕಪಕ್ಕದ ಮನೆಗಳ ಗೋಡೆಗೆ ಒರಗುತ್ತದೆ. ಆವರಣದ ಒಳಗೇ ನೆರಳಿರುವ ಕಾಯುವ ಜಾಗ, ಹೊರಗಿನಿಂದಲೇ ಬಳಸಬಹುದಾದ ಒಂದು ಶೌಚಾಲಯ, ನಿನ್ನೆ ಮಲಗಿದವರಿಗೆ ಇಂದೂ ಅದೇ ಹಾಸಿಗೆ ಎಂಬ ನಿಯಮ, ಈ ಮೂರನ್ನು ನಿಮ್ಮ ಆಕ್ಷೇಪಣಾ ಅರ್ಜಿಯಲ್ಲಿ ಬರೆದು ಕೊಡಿ. ಮೂರನೆಯದಕ್ಕೆ ಖರ್ಚೇ ಇಲ್ಲ, ಸಾಲನ್ನು ಕರಗಿಸುವುದರಲ್ಲಿ ಅದರಷ್ಟು ಪರಿಣಾಮಕಾರಿಯಾದದ್ದೂ ಇನ್ನೊಂದಿಲ್ಲ. ರಾತ್ರಿ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉತ್ತರಿಸುವ ಒಬ್ಬ ಹೊಣೆಗಾರನ ದೂರವಾಣಿ ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ಊರ ಹೊರಗಿನ ಜಾಗದ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಬಯಲಲ್ಲಿ ಮಲಗುವವರಲ್ಲಿ ಬಹಳ ಮಂದಿ ಹಗಲಲ್ಲಿ ದುಡಿಯುವವರು. ಕೆಲಸ ಸಿಗುವ ಜಾಗದ ಹತ್ತಿರವೇ ಅವರು ಮಲಗುತ್ತಾರೆ. ಆದ್ದರಿಂದಲೇ ಭಾರತದ ಮಾರ್ಗಸೂಚಿಯು ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳಂಥ ಕಡೆ, ಅವರು ಈಗಾಗಲೇ ಸೇರುವ ಮತ್ತು ದುಡಿಯುವ ಜಾಗಗಳ ಸಮೀಪ, ತಂಗುದಾಣ ಇರಬೇಕೆಂದು ಹೇಳುತ್ತದೆ. ದೂರದಲ್ಲಿ ಕಟ್ಟಿದರೆ ಕಟ್ಟಡ ಖಾಲಿ ಬೀಳುತ್ತದೆ, ನಿಮ್ಮ ಬೀದಿಯಲ್ಲಿ ಮಲಗುವವರು ಅಲ್ಲಿಯೇ ಮಲಗುತ್ತಾರೆ.

ಪ್ರಶ್ನೆ: ತಂಗುದಾಣ ಚಳಿಗಾಲದಲ್ಲಿ ಮಾತ್ರ ಇದ್ದರೆ ಸಾಲದೇ?

ಉತ್ತರ: ಸಾಲದು. ಮಳೆ ಮತ್ತು ಬಿಸಿಲು ಜೀವ ತೆಗೆಯುವುದರಲ್ಲಿ ಚಳಿಗಿಂತ ಹಿಂದೆ ಬಿದ್ದಿಲ್ಲ. ಭಾರತದ ಸುಪ್ರೀಂ ಕೋರ್ಟಿನ ನಿರ್ದೇಶನಗಳು ವರ್ಷವಿಡೀ, ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ತಂಗುದಾಣವನ್ನು ಕೇಳಿದ್ದವು. ಹವಾಮಾನ ತೀವ್ರವಾದಾಗ ಹೆಚ್ಚುವರಿ ಜಾಗ ತೆರೆಯುವುದು ಬೇರೆ ವಿಷಯ. ಅದಕ್ಕೂ ಯಾವ ಮುನ್ಸೂಚನೆ ಬಂದಾಗ, ಯಾರ ಆದೇಶದಿಂದ ತೆರೆಯಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ಚಳಿ ಆರಂಭವಾದ ಮೇಲೆ ಟೆಂಡರ್ ಕರೆದರೆ, ಕಂಬಳಿ ಬರುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ.

ಪ್ರಶ್ನೆ: ನಾನೊಬ್ಬ ಸ್ವಯಂಸೇವಕಿ. ತಂಗುದಾಣದಲ್ಲಿ ಅರ್ಧದಷ್ಟು ಹಾಸಿಗೆ ಖಾಲಿ, ಹೊರಗೆ ಪಾದಚಾರಿ ಮಾರ್ಗದಲ್ಲಿ ಜನ ಮಲಗಿದ್ದಾರೆ. ‘ಅವರಿಗೇ ಬೇಡ, ನಾವೇನು ಮಾಡೋಣ’ ಎನ್ನುತ್ತಾರೆ ಅಧಿಕಾರಿಗಳು. ಇದು ನಿಜವೇ?

ಉತ್ತರ: ‘ಬೇಡ’ ಎಂದವರನ್ನು ‘ಏಕೆ ಬೇಡ’ ಎಂದು ಯಾರಾದರೂ ಕೇಳಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ. ಖಾಲಿ ಹಾಸಿಗೆಗಳನ್ನು ಬೇಡಿಕೆ ಇಲ್ಲದ್ದಕ್ಕೆ ಸಾಕ್ಷಿಯಾಗಿ ಸಭೆಯಲ್ಲಿ ಬಳಸುವುದುಂಟು. ಬಹುತೇಕ ಕಡೆ ಅವು ನಿಯಮಗಳು ಸರಿಯಿಲ್ಲ ಎಂಬುದಕ್ಕೆ ಸಾಕ್ಷಿ.

ಜೋಹಾನ್ಸ್‌ಬರ್ಗಿನ ಒಂದು ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಖಾಸಗಿ ಮಾಲೀಕರ ಕಟ್ಟಡವೊಂದರಿಂದ ಹೊರಹಾಕಲ್ಪಡುವವರಿಗೆ ತಾತ್ಕಾಲಿಕ ವಸತಿ ಕೊಡುವ ಹೊಣೆ ತನ್ನದಲ್ಲ ಎಂದು ಅಲ್ಲಿನ ನಗರಾಡಳಿತ ವಾದಿಸಿತ್ತು. 2011ರಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ವಸತಿ ಕೊಡಲೇಬೇಕೆಂದು ಆದೇಶಿಸಿತು. ನಗರಾಡಳಿತ ಅವರನ್ನು ಒಂದು ತಂಗುದಾಣಕ್ಕೆ ಕಳುಹಿಸಿತು. ಆದೇಶ ಪಾಲನೆಯಾಯಿತು ಎಂದು ಕಡತ ಮುಚ್ಚಬಹುದಿತ್ತು. ಆದರೆ ಅಲ್ಲಿನ ನಿಯಮಗಳಂತೆ ನಿವಾಸಿಗಳು ಬೆಳಿಗ್ಗೆ ಹೊರಗೆ ಹೋಗಬೇಕು, ಸಂಜೆಯವರೆಗೆ ಬಾಗಿಲು ತೆರೆಯದು. ಗಂಡಸರು ಮತ್ತು ಹೆಂಗಸರು ಬೇರೆ ಬೇರೆ ಕೋಣೆಗಳಲ್ಲೇ ಇರಬೇಕು, ಸಂಸಾರಸ್ಥರಾದರೂ ಅಷ್ಟೆ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಹಗಲಲ್ಲಿ ಮಲಗಲು ಜಾಗವಿಲ್ಲ, ಚಿಕ್ಕ ಮಗುವಿರುವ ತಾಯಿ ಇಡೀ ದಿನ ಬೀದಿಯಲ್ಲಿ ಕಳೆಯಬೇಕು, ತಂದೆ ತನ್ನ ಮಕ್ಕಳ ಜೊತೆ ಮಲಗುವಂತಿಲ್ಲ. ನಿವಾಸಿಗಳು ಮತ್ತೆ ನ್ಯಾಯಾಲಯಕ್ಕೆ ಹೋದರು. 2017ರ ಡಿಸೆಂಬರ್ 1ರಂದು ಅದೇ ಸಂವಿಧಾನ ನ್ಯಾಯಾಲಯ, ಹಗಲು ಬೀಗ ಹಾಕುವ ಮತ್ತು ಕುಟುಂಬವನ್ನು ಒಡೆಯುವ ಈ ಎರಡೂ ನಿಯಮಗಳು ಘನತೆ, ಸ್ವಾತಂತ್ರ್ಯ ಹಾಗೂ ಖಾಸಗಿತನದ ಹಕ್ಕುಗಳನ್ನು ಉಲ್ಲಂಘಿಸುತ್ತವೆ ಎಂದು ತೀರ್ಪಿತ್ತಿತು. ಚಾವಣಿಗಾಗಿ ಒಂದು ಮೊಕದ್ದಮೆ, ಅದರಡಿ ಮನುಷ್ಯರಂತೆ ಇರಲು ಇನ್ನೊಂದು. ಎರಡನೆಯದನ್ನು ತಪ್ಪಿಸಲು ಮೊದಲ ಠರಾವಿನಲ್ಲೇ ನಾಲ್ಕು ಸಾಲು ಬರೆದಿದ್ದರೆ ಸಾಕಾಗುತ್ತಿತ್ತು.

ನೀವು ಕೆಲಸ ಮಾಡುವ ಕಡೆ ಕಾರಣಗಳು ಬೇರೆ ಇರಬಹುದು. ಸಾಮಾನ್ಯವಾಗಿ ಕಂಡುಬರುವವು ಇವು: ಗುರುತಿನ ದಾಖಲೆ ಕೇಳುವುದು, ಸಾಮಾನು ಇಡಲು ಬೀಗವಿರುವ ಪೆಟ್ಟಿಗೆ ಇಲ್ಲದಿರುವುದು, ಸಾಕಿದ ನಾಯಿಯನ್ನು ಹೊರಗೆ ಬಿಡಬೇಕಾಗುವುದು, ಕುಡಿದಿದ್ದಾನೆ ಎಂದು ಬಾಗಿಲಿಂದಲೇ ಕಳುಹಿಸುವುದು, ಹಿಂದೊಮ್ಮೆ ಒಳಗೆ ಕಳ್ಳತನವೋ ಹಲ್ಲೆಯೋ ನಡೆದ ನೆನಪು. ಬೀಗದ ಪೆಟ್ಟಿಗೆಯ ವಿಷಯ ಸಣ್ಣದೆಂದು ಕಾಣಬಹುದು. ಆದರೆ ಒಬ್ಬನ ಬಳಿ ಇರುವ ಎಲ್ಲವೂ, ಅಂದರೆ ಹೊದಿಕೆ, ಕೆಲಸದ ಉಪಕರಣ, ಔಷಧಿ, ಪಡಿತರ ಚೀಟಿಯ ನಕಲು, ಒಂದೇ ಚೀಲದಲ್ಲಿದ್ದಾಗ, ಆ ಚೀಲವನ್ನು ತಲೆಯಡಿ ಇಟ್ಟುಕೊಂಡು ಪರಿಚಿತ ಮೂಲೆಯಲ್ಲಿ ಮಲಗುವುದೇ ಅವನಿಗೆ ಹೆಚ್ಚು ಸುರಕ್ಷಿತವಾಗಿ ತೋರುತ್ತದೆ. ಅದು ಮೊಂಡುತನವಲ್ಲ, ಲೆಕ್ಕಾಚಾರ.

ನೀವು ಮಾಡಬಹುದಾದ ಉಪಯುಕ್ತ ಕೆಲಸವೆಂದರೆ, ಹೊರಗೆ ಮಲಗುವವರನ್ನು ಕಾರಣ ಕೇಳಿ, ಹೆಸರಿಲ್ಲದೆ ಬರೆದುಕೊಂಡು, ಬಾಗಿಲಲ್ಲಿ ಯಾರನ್ನು ಏಕೆ ಹಿಂದೆ ಕಳುಹಿಸಲಾಯಿತು ಎಂಬ ನೋಂದಣಿ ಪುಸ್ತಕ ಇಡುವಂತೆ ಆಡಳಿತವನ್ನು ಕೇಳುವುದು. ಒಳಗೆ ಬಂದವರ ಲೆಕ್ಕ ಬಹುತೇಕ ತಂಗುದಾಣಗಳಲ್ಲಿ ಇರುತ್ತದೆ. ಹಿಂದಕ್ಕೆ ಹೋದವರ ಲೆಕ್ಕ ಅಪರೂಪ.

ಪ್ರಶ್ನೆ: ತಂಗುದಾಣದಲ್ಲಿ ಹಾಸಿಗೆ ಇದೆ ಎಂದಾದ ಮೇಲೆ, ಪಾದಚಾರಿ ಮಾರ್ಗದಲ್ಲಿ ಮಲಗುವವರನ್ನು ತೆರವುಗೊಳಿಸಲು, ದಂಡ ಹಾಕಲು ಸ್ಥಳೀಯ ಸಂಸ್ಥೆಗೆ ಅಧಿಕಾರ ಬರುತ್ತದೆಯೇ?

ಉತ್ತರ: ಇದಕ್ಕೆ ಒಂದೊಂದು ದೇಶದ ಕಾನೂನು ಒಂದೊಂದು ಉತ್ತರ ಕೊಡುತ್ತದೆ. ಅಮೆರಿಕದ ಪಶ್ಚಿಮ ಭಾಗದ ರಾಜ್ಯಗಳಿಗೆ ಸಂಬಂಧಿಸಿದ ಮೇಲ್ಮನವಿ ನ್ಯಾಯಾಲಯವೊಂದು 2018ರಲ್ಲಿ ಬಾಯ್ಸಿ ನಗರದ ಪ್ರಕರಣದಲ್ಲಿ, ಮಲಗಲು ಬೇರೆ ಜಾಗವೇ ಲಭ್ಯವಿಲ್ಲದವರನ್ನು ಸಾರ್ವಜನಿಕ ಸ್ಥಳದಲ್ಲಿ ಮಲಗಿದ್ದಕ್ಕಾಗಿ ಶಿಕ್ಷಿಸುವುದು ಕ್ರೂರ ಶಿಕ್ಷೆಯಾಗುತ್ತದೆ ಎಂದಿತ್ತು. ಅಂದಿನಿಂದ ಅಲ್ಲಿನ ನಗರಗಳಲ್ಲಿ ಹಾಸಿಗೆಗಳ ಲೆಕ್ಕವೇ ಒಂದು ಕಾನೂನು ಸಂಗತಿಯಾಯಿತು. 2024ರ ಜೂನ್ 28ರಂದು ಗ್ರ್ಯಾಂಟ್ಸ್ ಪಾಸ್ ನಗರದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡುವುದನ್ನು ನಿಷೇಧಿಸುವ ನಿಯಮ ಕ್ರೂರ ಶಿಕ್ಷೆಯಲ್ಲ ಎಂಬುದು ಅದರ ತೀರ್ಮಾನ. ತೀರ್ಪು ನಗರಗಳಿಗೆ ಅಧಿಕಾರ ಕೊಟ್ಟಿತು, ಕರ್ತವ್ಯ ವಿಧಿಸಲಿಲ್ಲ. ದಂಡ ಹಾಕದೆ ಇರುವ ದಾರಿ ಅವುಗಳಿಗೆ ಇನ್ನೂ ತೆರೆದೇ ಇದೆ.

ಭಾರತದಲ್ಲಿ, ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸವಿದ್ದವರ ತೆರವನ್ನು ಪ್ರಶ್ನಿಸಿದ ಓಲ್ಗಾ ಟೆಲ್ಲಿಸ್ ಪ್ರಕರಣದ 1985ರ ತೀರ್ಪು ಇಂದಿಗೂ ತಳಹದಿ. ಅದನ್ನು ಎರಡೂ ಪಕ್ಷದವರು ಅರ್ಧರ್ಧ ಉಲ್ಲೇಖಿಸುವುದು ರೂಢಿಯಾಗಿದೆ. ಜೀವನೋಪಾಯದ ಹಕ್ಕು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ; ಪಾದಚಾರಿ ಮಾರ್ಗವನ್ನು ಆಕ್ರಮಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂದದ್ದೂ ಅಷ್ಟೇ ನಿಜ. ತೆರವಿಗೆ ಮುನ್ನ ಸಾಮಾನ್ಯವಾಗಿ ನೋಟಿಸು ಕೊಟ್ಟು ಅಹವಾಲು ಕೇಳಬೇಕು ಎಂಬುದು ಅದರ ಪ್ರಾಯೋಗಿಕ ಸಾರ. ಅಂದಿನ ಮುಂಬಯಿಯ ತೆರವನ್ನು ಮಳೆಗಾಲ ಮುಗಿದು ಒಂದು ತಿಂಗಳಾಗುವವರೆಗೆ, ಅಂದರೆ 1985ರ ಅಕ್ಟೋಬರ್ 31ರವರೆಗೆ, ನ್ಯಾಯಾಲಯ ತಡೆದಿತ್ತು.

ಅಧಿಕಾರ ಇದೆಯೇ ಎಂಬುದರ ಜೊತೆಗೆ ಅದನ್ನು ಬಳಸಿದರೆ ಏನಾಗುತ್ತದೆ ಎಂಬುದನ್ನೂ ಸಭೆ ಕೇಳಿಕೊಳ್ಳಬೇಕು. ದಂಡ ಕಟ್ಟಲಾಗದವನ ಮೇಲೆ ದಂಡ ಹೇರಿದರೆ ಅದು ಬಾಕಿಯಾಗಿ, ವಾರಂಟಾಗಿ, ಬಾಡಿಗೆ ಮನೆ ಕೇಳಲು ಹೋದಾಗ ಎದುರಾಗುವ ಅಡ್ಡಿಯಾಗಿ ಬೆಳೆಯುತ್ತದೆ. ತೆರವಿನ ವೇಳೆ ಚೀಲದ ಜೊತೆ ದಾಖಲೆಗಳೂ ಕಸದ ಲಾರಿಗೆ ಹೋದರೆ, ಅದೇ ಆಡಳಿತದ ತಂಗುದಾಣ ಮಾರನೆಯ ದಿನ ಅವನಿಂದ ಗುರುತಿನ ಚೀಟಿ ಕೇಳುತ್ತದೆ.

ಪ್ರಶ್ನೆ: ಇಷ್ಟೆಲ್ಲ ಖರ್ಚನ್ನು ತಂಗುದಾಣಕ್ಕೆ ಮಾಡುವ ಬದಲು ನೇರವಾಗಿ ಮನೆಗಳನ್ನೇ ಕೊಡಬಾರದೇ? ಈಗಿರುವ ತಂಗುದಾಣವನ್ನು ಮುಚ್ಚುವುದಾದರೆ ಹೇಗೆ ಮುಚ್ಚಬೇಕು?

ಉತ್ತರ: ಕೊಡಬೇಕು. ಫಿನ್ಲೆಂಡ್ 2008ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ, ಮೊದಲು ಬಾಡಿಗೆ ಕರಾರಿನ ಸಹಿತ ಮನೆ, ಆನಂತರ ಚಿಕಿತ್ಸೆ, ಉದ್ಯೋಗ ಮುಂತಾದ ನೆರವು ಎಂಬ ಕ್ರಮವನ್ನು ಹಿಡಿಯಿತು. ಸಾಲು ಹಾಸಿಗೆಗಳ ಹಳೆಯ ತಂಗುದಾಣಗಳನ್ನು ಒಂದೊಂದಾಗಿ ಬಾಡಿಗೆ ಮನೆಗಳ ಕಟ್ಟಡಗಳಾಗಿ ಬದಲಾಯಿಸಲಾಯಿತು. ಹೆಲ್ಸಿಂಕಿಯಲ್ಲಿ 2008ರಲ್ಲಿ 558 ಇದ್ದ ಇಂಥ ಹಾಸಿಗೆಗಳು 2016ರ ಹೊತ್ತಿಗೆ 52ಕ್ಕೆ ಇಳಿದವು. ಈ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ, ಆದರೆ ಅದರ ಕ್ರಮವನ್ನು ಗಮನಿಸುವವರು ಕಡಿಮೆ. ಅಲ್ಲಿ ಮನೆಗಳು ಸಿದ್ಧವಾಗುತ್ತ ಹೋದಂತೆ ಹಾಸಿಗೆಗಳನ್ನು ಕಡಿಮೆ ಮಾಡಲಾಯಿತು, ಮತ್ತು ಕೈಗೆಟುಕುವ ಬಾಡಿಗೆಯ ಮನೆಗಳನ್ನು ಕಟ್ಟಿ, ಖರೀದಿಸಿ ಹಂಚುವ ಸಂಸ್ಥೆಗಳು ಆ ದೇಶದಲ್ಲಿ ದಶಕಗಳಿಂದಲೇ ಇದ್ದವು. ಮನೆಗಳ ದಾಸ್ತಾನಿಲ್ಲದ ಸ್ಥಳೀಯ ಸಂಸ್ಥೆ ಫಿನ್ಲೆಂಡಿನ ಹೆಸರು ಹೇಳಿ ತಂಗುದಾಣದ ಅನುದಾನ ಕಡಿತಗೊಳಿಸಿದರೆ, ಅದು ಅನುಕರಿಸುತ್ತಿರುವುದು ಫಿನ್ಲೆಂಡನ್ನಲ್ಲ.

ಮುಚ್ಚುವ ಕ್ರಮಕ್ಕೆ ಬರೋಣ. ಮುಚ್ಚುವ ದಿನಾಂಕಕ್ಕೆ ಕನಿಷ್ಠ ಮೂರು ತಿಂಗಳ ಮೊದಲು ಹೊಸಬರ ಪ್ರವೇಶವನ್ನು ಬೇರೆ ತಂಗುದಾಣಕ್ಕೆ ತಿರುಗಿಸಬೇಕು. ಉಳಿದವರಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಹಾಳೆ ಇರಬೇಕು: ಯಾವ ದಾಖಲೆ ಇದೆ, ಯಾವ ಪಿಂಚಣಿಗೆ ಅರ್ಹರು, ಯಾರ ಜೊತೆ ಇರಲು ಇಚ್ಛಿಸುತ್ತಾರೆ, ಮುಂದಿನ ಜಾಗ ಯಾವುದು, ಅಲ್ಲಿಗೆ ಯಾವ ದಿನ ಹೋಗುತ್ತಾರೆ. ಮುಂದಿನ ಜಾಗದ ಕಾಲಂ ಖಾಲಿ ಇರುವ ಒಂದು ಹಾಳೆ ಉಳಿದಿದ್ದರೂ ಮುಚ್ಚುವ ಆದೇಶ ಜಾರಿಯಾಗಬಾರದು ಎಂದು ಠರಾವಿನಲ್ಲೇ ಷರತ್ತು ಹಾಕಬಹುದು. ಹೋದವರನ್ನು ಆರು ತಿಂಗಳ ನಂತರ ಹುಡುಕಿ, ಎಷ್ಟು ಮಂದಿ ಅದೇ ಜಾಗದಲ್ಲಿ ಉಳಿದಿದ್ದಾರೆ, ಎಷ್ಟು ಮಂದಿ ಬೀದಿಗೆ ಮರಳಿದ್ದಾರೆ ಎಂಬ ವರದಿಯನ್ನು ಸಾಮಾನ್ಯ ಸಭೆಯ ಮುಂದೆ ಇಡಬೇಕು. ಆ ವರದಿ ಬರುವವರೆಗೆ ಕಟ್ಟಡವನ್ನು ಬೇರೆ ಉದ್ದೇಶಕ್ಕೆ ಹಸ್ತಾಂತರಿಸದಿರುವುದು ಒಳ್ಳೆಯದು.